ಮೇಣದ ಹಲ್ಲು ಕರಗಿಸಿದ ಕಂಪ್ಯೂಟರ್

ಸೋಮವಾರ ಬೆಳಿಗ್ಗೆ ಅಂಗಡಿಯ ಬೀಗ ತೆಗೆದು ಒಳಗೆ ಕಾಲಿಟ್ಟ ಹಲ್ಲುಮೇಸ್ತ್ರಿಯ ಹೆಂಡತಿ ಕಿಟಾರನೆ ಕಿರುಚಿಕೊಂಡಳು. ಆ ಸದ್ದಿಗೆ ಎದುರುಬೀದಿಯ ನಾಯಿಗಳೆಲ್ಲ ಊರು ಬಿಟ್ಟು ಓಡಿದವು, ಇವತ್ತಿಗೂ ವಾಪಸು ಬಂದಿಲ್ಲ. ಹಿಂದೆಯೇ ಬರುತ್ತಿದ್ದ ಗಂಡ ಹಾವೋ ಕಳ್ಳನೋ ಎಂದು ಒಂದು ಚಪ್ಪಲಿ ಕೈಗೆತ್ತಿಕೊಂಡು ಇನ್ನೊಂದು ಕಾಲಲ್ಲಿದ್ದ ಹಾಗೇ ಒಳಗೆ ನುಗ್ಗಿದ.

ಹಾವೂ ಇಲ್ಲ, ಕಳ್ಳನೂ ಕಾಣಲಿಲ್ಲ. ಕಂಪ್ಯೂಟರ್ ಡಬ್ಬದ ನೆತ್ತಿಯ ಮೇಲೆ ಒಂದು ಹಲ್ಲಿನ ಸೆಟ್ಟಿತ್ತು, ಅಷ್ಟೇ. ಶನಿವಾರ ಮಧ್ಯಾಹ್ನ ಅಲ್ಲಿಟ್ಟು ಹೋದಾಗ ಮೇಣದ ವಸಡಿನಲ್ಲಿ ಇಪ್ಪತ್ತೆಂಟು ಹಲ್ಲುಗಳು ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ಈಗ ವಸಡು ಕರಗಿ ಇಳಿದಿತ್ತು. ಹಲ್ಲುಗಳು ಕೆಸರಿಗೆ ಬಿದ್ದ ಎಮ್ಮೆಗಳ ಹಾಗೆ ಒಂದೊಂದು ಒಂದೊಂದು ದಿಕ್ಕಿಗೆ ಮುಖ ಮಾಡಿ ಮಲಗಿದ್ದವು. ಮುಂದಿನ ಎರಡು ಹಲ್ಲು ಡಬ್ಬದ ಅಂಚಿನಿಂದ ಜೋತುಬಿದ್ದು ಅವಳನ್ನೇ ನೋಡಿ ನಗುತ್ತಿದ್ದವು.

"ಅಯ್ಯಯ್ಯೋ, ಟೀಚರಮ್ಮನ ಹಲ್ಲು ರೀ!" ಎಂದಳು ಹೆಂಡತಿ.

ಗಂಡ ಡಬ್ಬದ ಮೇಲೆ ಅಂಗೈ ಇಟ್ಟ. ಇಟ್ಟಷ್ಟೇ ಬೇಗ ತೆಗೆದ. "ಕಾದ ಹೆಂಚಿನ ಹಾಗಿದೆ ಕಣೇ! ಯಾರು ಕೂತಿದ್ರು ಇದರ ಮುಂದೆ?"

"ಯಾರು ಕೂತಿರ್ತಾರೆ? ಎರಡು ದಿನದಿಂದ ಬೀಗ ಹಾಕಿದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು."

ಗಾಬರಿಯ ವಿಷಯ ಅದೇ. ಪರದೆ ಕಪ್ಪಾಗಿತ್ತು. ಕುರ್ಚಿ ಖಾಲಿಯಿತ್ತು. ಆದರೆ ಡಬ್ಬದೊಳಗಿನ ಫ್ಯಾನು ನೂರು ಹೆಜ್ಜೇನುಗೂಡಿಗೆ ಒಟ್ಟಿಗೆ ಕಲ್ಲು ಬಿದ್ದ ಹಾಗೆ ಮೊರೆಯುತ್ತಿತ್ತು. ದವಡೆಯ ಅಚ್ಚು ತೆಗೆಯುವ ಯಂತ್ರ ಅದಕ್ಕೇ ಜೋಡಿಸಿದ್ದರಿಂದ ಆ ಕಂಪ್ಯೂಟರನ್ನು ಯಾವತ್ತೂ ಆರಿಸುತ್ತಿರಲಿಲ್ಲ. ಆದರೂ ಕೆಲಸ ಕೊಡದೆ ಇದ್ದಾಗ ಅದು ಮುದ್ದಾಗಿ ನಿದ್ದೆ ಮಾಡುತ್ತಿತ್ತು. ಈಗ ಯಾರೂ ಹೇಳದೆ, ಯಾರೂ ಕೇಳದೆ, ಒಂಟಿಯಾಗಿ ಕೂತು ಏನು ಗೇಯುತ್ತಿದೆ ಇದು?

ಇವರು ಮಾಡುವುದು ಕಟ್ಟಿಸುವ ಹಲ್ಲು. ಹಲ್ಲಿನ ಡಾಕ್ಟರು ಬಾಯಿಯ ಅಳತೆ ಕಳಿಸುತ್ತಾರೆ. ಆ ಅಳತೆಗೆ ಕಂಪ್ಯೂಟರಿನಲ್ಲಿ ಹಲ್ಲು ಜೋಡಿಸಿ ನೋಡಿ, ಆಮೇಲೆ ಮೇಣದಲ್ಲಿ ಕೂರಿಸಿ ಕಳಿಸುತ್ತಾರೆ. ಬಾಯಿಗೆ ಒಪ್ಪಿದರೆ ಗಟ್ಟಿ ಸೆಟ್ಟು. ಗಂಡ ಮೇಸ್ತ್ರಿ. ಹೆಂಡತಿ ಮೋಟಾರಿನ ಮುಂದೆ ಕೂತು ಹಲ್ಲಿಗೆ ಹೊಳಪು ಕೊಡುವವಳು. ಇಪ್ಪತ್ಮೂರು ವರ್ಷದ ಮಗಳು ಮೂರು ವರ್ಷ ಕಲಿತು ಬಂದು ಕಂಪ್ಯೂಟರಿನ ಮುಂದೆ ಕೂತವಳು.

ಕರಗಿದ ಸೆಟ್ಟು ಮಗಳು ತಾನೊಬ್ಬಳೇ ಜೋಡಿಸಿದ ಮೊದಲ ಪೂರ್ತಿ ಸೆಟ್ಟು. ಬಾಯಿ ಯಾರದು? ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾದ ಟೀಚರಮ್ಮನದು. ಹಲ್ಲು ಹೋದ ಮೇಲೆ ಆಕೆ ಬಾಯಿಗೆ ಕರವಸ್ತ್ರ ಅಡ್ಡ ಹಿಡಿಯದೆ ಒಂದು ಮಾತೂ ಆಡುತ್ತಿರಲಿಲ್ಲ. ಬರುವ ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಆಕೆಯನ್ನು ವೇದಿಕೆಗೆ ಕರೆದಿದ್ದರು. ಮಾತಾಡಲೇಬೇಕು, ಮೈಕ್ ಬೇರೆ. ಮಗಳು ಆ ಹಲ್ಲುಗಳನ್ನು ಎಷ್ಟು ಚೆನ್ನಾಗಿ ಜೋಡಿಸಿದ್ದಳೆಂದರೆ, ಅಪ್ಪ ಏಳು ಸಲ ಬಂದು ನೋಡಿ, ಏಳು ಸಲವೂ ಬಾಯಿ ಬಿಡದೆ "ಹೂಂ" ಎಂದು ಹೋಗಿದ್ದ.

ಮಗಳು ಬಾಗಿಲಲ್ಲಿ ಕಾಣಿಸಿಕೊಂಡಳೋ ಇಲ್ಲವೋ, ಅಪ್ಪ ಶುರು ಹಚ್ಚಿಕೊಂಡ. "ಬಾ ತಾಯಿ, ಬಾ. ಆಟ ಹಾಕಿ ಹಾಗೇ ಬಿಟ್ಟು ಹೋಗಿದೀಯಲ್ಲ, ನೋಡು ಬಾ ನಿನ್ನ ಆಟದ ಪ್ರತಾಪ!"

ಮಗಳು ಕರಗಿದ ಹಲ್ಲು ನೋಡಿ ಬಿಳಿಚಿಕೊಂಡಳು. "ಆಟನಾ? ಈ ಕಂಪ್ಯೂಟರಲ್ಲಿ ನಾನು ಆಟ ಆಡಿ ಒಂದು ವರ್ಷ ಆಯ್ತಪ್ಪಾ."

"ಸುಳ್ಳು ಹೇಳಬೇಡ. ಅದರೊಳಗಿನ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗೋದು ಆಟ ಆಡಿದ್ರೇನೇ ಅಂತ ಮಾರಿದವನೇ ಹೇಳಿದ್ದ."

"ಪರದೆ ಮೇಲೆ ಚಿತ್ರ ಬರಿಯೋ ಭಾಗ ಅದು. ಆಟಕ್ಕೂ ದುಡಿಯುತ್ತೆ, ನಮ್ಮ ದವಡೆ ಆಕಡೆ ಈಕಡೆ ತಿರುಗಿಸೋಕೂ ದುಡಿಯುತ್ತೆ. ಆದರೆ ನಾನು..."

"ಸಾಕು! ಇವತ್ತಿಂದ ಆ ಕುರ್ಚಿ ಮುಟ್ಟಬೇಡ. ಮೂಲೇಲಿ ಕೂತು ದವಡೆ ಅಚ್ಚಿಗೆ ಪ್ಲಾಸ್ಟರ್ ಕಲಸು."

ಮಗಳು ಏಪ್ರನ್ ಎಳೆದು ಕಟ್ಟಿಕೊಂಡಳು. ಅಳಲಿಲ್ಲ. "ಟೀಚರ್ ಹಲ್ಲು ಮುಗಿಸಿಕೊಡ್ತೀನಿ. ಆಮೇಲೆ ಬೇರೆ ಕಡೆ ಕೆಲಸಕ್ಕೆ ಸೇರ್ಕೋತೀನಿ. ಪ್ಲಾಸ್ಟರ್ ಕಲಸೋಕೆ ಮೂರು ವರ್ಷ ಓದಬೇಕಾಗಿರಲಿಲ್ಲ" ಎಂದು ಮೂಲೆಗೆ ಹೋಗಿ ಕೂತಳು.

ತಾಯಿಗೆ ಮಗಳು ಗೊತ್ತು. ಹೋಗುತ್ತೇನೆ ಎಂದರೆ ಹೋಗುವ ಹುಡುಗಿ ಅವಳು. ಹಟದಲ್ಲಿ ಅಪ್ಪನ ತದ್ರೂಪು. ಇಬ್ಬರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ.

ಮಂಗಳವಾರ ಮೇಸ್ತ್ರಿಗೆ ಹೊಸ ಜ್ಞಾನೋದಯವಾಯಿತು. "ಧೂಳು! ಪ್ಲಾಸ್ಟರ್ ಧೂಳು ಕೂತಿದೆ, ಅದಕ್ಕೇ ಕಾಯ್ತಿದೆ." ವೈರು ಕಿತ್ತು, ಡಬ್ಬದ ಪಕ್ಕೆ ಬಿಚ್ಚಿ, ಗಾಳಿ ಊದುವ ಪೈಪು ಹಿಡಿದ. ಎದ್ದ ಧೂಳಿಗೆ ಹಗಲೇ ಕತ್ತಲಾಯಿತು. ಧೂಳು ಇಳಿದಾಗ ಮೇಸ್ತ್ರಿ ರೆಪ್ಪೆ ಸಮೇತ ಬೆಳ್ಳಗಾಗಿ, ಚೌಕದಲ್ಲಿ ನಿಲ್ಲಿಸುವ ಪ್ರತಿಮೆಯ ಹಾಗೆ ನಿಂತಿದ್ದ.

"ಹಾರ ತರಲಾ?" ಎಂದಳು ಹೆಂಡತಿ.

"ನಗು ನಗು. ಈಗ ನೋಡು, ಹೇಗೆ ತಣ್ಣಗಿರುತ್ತೆ."

ವೈರು ಸಿಕ್ಕಿಸಿ ಚಾಲೂ ಮಾಡಿದ. ಐದು ನಿಮಿಷ ಸುಮ್ಮನಿತ್ತು. ಆಮೇಲೆ ಹೆಜ್ಜೇನು ಮತ್ತೆ ಎದ್ದಿತು. ಮೇಸ್ತ್ರಿ ಟೇಬಲ್ ಫ್ಯಾನ್ ತಂದು ಅದರತ್ತ ತಿರುಗಿಸಿದ. ಒಳಗೊಂದು ಫ್ಯಾನು, ಹೊರಗೊಂದು ಫ್ಯಾನು, ನಡುವೆ ಇವನ ಗೊಣಗಾಟ. ಟೀಚರಮ್ಮನ ಹಲ್ಲು ತಾನೇ ಜೋಡಿಸುತ್ತೇನೆಂದು ಕೂತರೆ, ಪರದೆಯ ಮೇಲಿನ ದವಡೆ ಎಡಕ್ಕೆ ತಿರುಗು ಎಂದರೆ ಊಟ ಮುಗಿಸಿ ಬಂದ ಮೇಲೆ ತಿರುಗುತ್ತಿತ್ತು.

"ಇದು ತಿರುಗೋ ಹೊತ್ತಿಗೆ ನನ್ನ ಹಲ್ಲೇ ಉದುರಿರುತ್ತೆ! ಕಾರ್ಡ್ ಕೆಟ್ಟಿದೆ, ಹೊಸದು ಹಾಕ್ಸಬೇಕು" ಎಂದು ತೀರ್ಪು ಕೊಟ್ಟ.

ಹೆಂಡತಿ ತೀರ್ಪನ್ನು ಒಪ್ಪಲಿಲ್ಲ. ಮಾತಾಡದೆ ಫೋನು ತೆಗೆದು ನಾದಿನಿಗೆ ಹಚ್ಚಿದಳು. ನಾದಿನಿ ಎಂದರೆ ಮೇಸ್ತ್ರಿಯ ತಂಗಿ. ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಕೋಣೆಯ ಕಂಪ್ಯೂಟರುಗಳಿಗೆ ಜ್ವರ ಬಂದರೆ, ಕೆಮ್ಮು ಬಂದರೆ ನೋಡುವವಳು.

"ಅವಳನ್ನ ಯಾಕೆ ಕರೀತೀಯ?" ಎಂದು ಮೇಸ್ತ್ರಿ ಸಿಡುಕಿದ. "ಚಿಕ್ಕೋಳಿದ್ದಾಗ ನನ್ನ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ನಾಲ್ಕು ಸ್ಕ್ರೂ ಮಿಕ್ಕಿತ್ತು."

"ಮಿಕ್ಕರೂ ಹಾಡ್ತಿತ್ತಂತಲ್ಲ" ಎಂದಳು ಹೆಂಡತಿ.

ಬುಧವಾರ ಮಧ್ಯಾಹ್ನ ನಾದಿನಿ ಬಂದಳು. ಬಂದವಳೇ ಡಬ್ಬಕ್ಕೆ ಕಿವಿ ಕೊಟ್ಟು ಕೇಳಿದಳು, ಡಾಕ್ಟರು ಎದೆ ನೋಡುವ ಹಾಗೆ. "ಅಣ್ಣ, ಧೂಳು ತೆಗೆದಿದ್ದು ಒಳ್ಳೇ ಕೆಲಸ. ಮೊದಲು ಮಾಡಬೇಕಾದ್ದೇ ಅದು. ಈಗ ಒಳಗೆ ಯಾರು ದುಡೀತಿದಾರೆ ಅಂತ ಹಾಜರಿ ತಗೋಳೋಣ."

"ಹಾಜರಿನಾ?"

"ಕಂಟ್ರೋಲು, ಶಿಫ್ಟು, ಎಸ್ಕೇಪು, ಮೂರೂ ಗುಂಡಿ ಒಟ್ಟಿಗೆ ಒತ್ತಿದ್ರೆ ಟಾಸ್ಕ್ ಮ್ಯಾನೇಜರ್ ಅಂತ ಒಂದು ಕಿಟಕಿ ತೆರೆಯುತ್ತೆ. ಯಾವ ಕೆಲಸ ಎಷ್ಟು ಶಕ್ತಿ ತಿಂತಿದೆ, ಗ್ರಾಫಿಕ್ಸ್ ಕಾರ್ಡ್ ನೂರಕ್ಕೆ ಎಷ್ಟು ದುಡೀತಿದೆ, ಎಲ್ಲಾ ಹೇಳುತ್ತೆ."

ಒತ್ತಿದಳು. ಕಿಟಕಿ ತೆರೆಯಿತು. ಎಲ್ಲರೂ ಕತ್ತು ಚಾಚಿ ನೋಡಿದರು. ಗ್ರಾಫಿಕ್ಸ್ ಕಾರ್ಡಿನ ಮುಂದೆ ನೂರಕ್ಕೆ ಎರಡು ಎಂದಿತ್ತು. ಫ್ಯಾನಿನ ಮೊರೆತ ನಿಧಾನಕ್ಕೆ ಇಳಿದು, ಹಾಲು ಕುಡಿದು ಮಲಗಿದ ಬೆಕ್ಕಿನ ಹಾಗೆ ಗುರುಗುರು ಎಂದಿತು.

"ನೋಡಿದ್ಯಾ!" ಮೇಸ್ತ್ರಿ ತೊಡೆ ತಟ್ಟಿದ. "ಏನೂ ಇಲ್ಲ. ನನ್ನ ಮಗಳು ಕುರ್ಚಿ ಬಿಟ್ಟು ಎರಡು ದಿನ ಆಯ್ತು, ತಾನಾಗೇ ಸರಿಹೋಗ್ತಿದೆ. ಕಾಯಿಲೆ ಆ ಕುರ್ಚೀಲಿ ಕೂತಿತ್ತು."

ಮೂಲೆಯಲ್ಲಿ ಪ್ಲಾಸ್ಟರ್ ಕಲಸುತ್ತಿದ್ದ ಕೈ ನಿಂತಿತು. ತಾಯಿ ಮಗಳ ಕಡೆ ನೋಡಲಾರದೆ ಚಹಾ ತರುತ್ತೇನೆಂದು ಎದ್ದಳು. ನಾದಿನಿ ಕಿಟಕಿ ಮುಚ್ಚಿ ಕೈಚೀಲ ಹುಡುಕತೊಡಗಿದಳು.

ಚಹಾ ಹಿಡಿದು ಬರುವಷ್ಟರಲ್ಲಿ ಮೊರೆತ ಮತ್ತೆ ಎದ್ದಿತ್ತು. ಹೆಂಡತಿ ಹೊಸ್ತಿಲ ಮೇಲೇ ನಿಂತಳು. ಇಪ್ಪತ್ತೈದು ವರ್ಷ ಮೋಟಾರಿನ ಮುಂದೆ ಕೂತ ಕಿವಿ ಅದು. ಹಲ್ಲು ಉಜ್ಜುವಾಗ ಸದ್ದು ಕೂದಲೆಳೆಯಷ್ಟು ಬದಲಾದರೂ ಹಲ್ಲು ಸೀಳುತ್ತಿದೆ ಎಂದು ಅದಕ್ಕೆ ತಿಳಿಯುತ್ತದೆ.

"ಇನ್ನೊಂದ್ಸಲ ಆ ಕಿಟಕಿ ತೆಗಿಯೇ" ಎಂದಳು ನಾದಿನಿಗೆ.

ತೆಗೆದಳು. ಮೊರೆತ ಇಳಿಯಿತು.

"ಮುಚ್ಚು."

ಮುಚ್ಚಿದಳು. ಎಲ್ಲರೂ ಡಬ್ಬಕ್ಕೆ ಕಿವಿ ಕೊಟ್ಟರು. ಚಹಾದ ಮೇಲೆ ಕೆನೆ ಕಟ್ಟುವಷ್ಟು ಹೊತ್ತಾಯಿತು. ಮೊರೆತ ಏರಿತು.

"ತೆಗಿ."

ಇಳಿಯಿತು.

ಹೆಂಡತಿಯ ಕೈಯಲ್ಲಿದ್ದ ತಟ್ಟೆ ವಾಲಿ, ನಾಲ್ಕು ಲೋಟ ಚಹಾವೂ ನೆಲ ಕಂಡಿತು. "ಅಯ್ಯೋ ದೇವರೇ! ನಾವು ನೋಡಿದ್ರೆ ಸುಮ್ಮನಾಗುತ್ತೆ, ತಿರುಗಿದ್ರೆ ಶುರು ಮಾಡುತ್ತೆ! ನಾವು ಇದನ್ನ ನೋಡ್ತಿಲ್ಲ ರೀ, ಇದೇ ನಮ್ಮನ್ನ ನೋಡ್ತಿದೆ!"

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದು ಪ್ಲಾಸ್ಟರ್ ಬಕೆಟ್ಟಿನಲ್ಲಿ ಕಾಲಿಟ್ಟ. "ದ... ದೆವ್ವನಾ?"

"ದೆವ್ವ ಆಗಿದ್ರೆ ಚೆನ್ನಾಗಿತ್ತು, ನಿನ್ನ ಮುಖ ನೋಡಿ ಓಡಿಹೋಗ್ತಿತ್ತು" ಎಂದಳು ನಾದಿನಿ. ಆದರೆ ಅವಳ ಮುಖದಲ್ಲೂ ನಗು ಇರಲಿಲ್ಲ. "ಅತ್ತಿಗೆ, ನಿಮ್ಮ ಕಿವಿಗೆ ಚಿನ್ನದ ಓಲೆ ಮಾಡಿಸಬೇಕು. ನಾನು ಇಷ್ಟು ಓದಿನೂ ಕಿಟಕಿ ನೋಡಿ ಮೋಸ ಹೋಗ್ತಿದ್ದೆ. ಕೆಲವು ಕಳ್ಳ ಪ್ರೋಗ್ರಾಂ ಇರ್ತಾವೆ. ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ಬಚ್ಚಿಟ್ಕೊಳ್ತವೆ. ಮುಚ್ಚಿದ್ರೆ ಮತ್ತೆ ಎದ್ದು ಬರ್ತವೆ. ಇನ್ನೊಂದು ಪರೀಕ್ಷೆ ಮಾಡೋಣ. ಅಣ್ಣ, ಬಕೆಟ್ಟಿಂದ ಕಾಲು ತೆಗೆದು ಇಂಟರ್‌ನೆಟ್ ವೈರ್ ಕೀಳು."

ಮೇಸ್ತ್ರಿ ಹಾವಿನ ಬಾಲ ಹಿಡಿದವನ ಹಾಗೆ ಎರಡೇ ಬೆರಳಲ್ಲಿ ವೈರು ಕಿತ್ತ. ಕಿಟಕಿ ಮುಚ್ಚಿಯೇ ಇತ್ತು. ಆದರೂ ಸ್ವಲ್ಪ ಹೊತ್ತಿನಲ್ಲಿ ಫ್ಯಾನು ತಣ್ಣಗಾಯಿತು. ಸಿಕ್ಕಿಸಿದಾಗ ಮತ್ತೆ ಮೊರೆಯಿತು.

"ಗೊತ್ತಾಯ್ತಾ? ಆಟ ಆಗಿದ್ರೆ ಕಿಟಕಿ ತೆರೆದಾಗ ಬಚ್ಚಿಟ್ಕೊಳ್ತಿರಲಿಲ್ಲ. ಕಾರ್ಡ್ ಕೆಟ್ಟಿದ್ರೆ ನೆಟ್ ವೈರ್ ಕಿತ್ತರೆ ಸರಿಹೋಗ್ತಿರಲಿಲ್ಲ. ಇದು ನೆಟ್ಟಿನ ಆಚೆ ಕೂತಿರೋ ಯಾವನಿಗೋ ಕೂಲಿ ಮಾಡ್ತಿದೆ."

"ನಮ್ಮ ಕಂಪ್ಯೂಟರ್ ಬೇರೆಯವನಿಗೆ ಯಾಕೆ ಕೂಲಿ ಮಾಡುತ್ತೆ?" ಮೇಸ್ತ್ರಿಗೆ ಇನ್ನೂ ನಂಬಿಕೆಯಿಲ್ಲ. "ನಾವೇನು ಬ್ಯಾಂಕಾ? ಇಲ್ಲಿ ಇರೋದು ಬೊಚ್ಚುಬಾಯಿಗಳ ಚಿತ್ರ. ಅದನ್ನ ಕದ್ದು ಏನು ಮಾಡ್ತಾನೆ, ಮಾಲೆ ಮಾಡ್ಕೋತಾನಾ?"

"ಅವನಿಗೆ ಚಿತ್ರ ಬೇಡ, ಈ ಕಾರ್ಡಿನ ತೋಳ್ಬಲ ಬೇಕು. ಕಣ್ಣಿಗೆ ಕಾಣದ ಒಂಥರಾ ನಾಣ್ಯ ಇದೆ, ಕಂಪ್ಯೂಟರಲ್ಲೇ ಹುಟ್ಟೋದು. ಅದನ್ನ ಹುಟ್ಟಿಸೋಕೆ ಕೋಟಿ ಕೋಟಿ ಲೆಕ್ಕ ಬಿಡಿಸಬೇಕು. ಇಂಥ ಕಾರ್ಡು ಆ ಲೆಕ್ಕ ಬೇಗ ಬಿಡಿಸುತ್ತೆ. ಅವನು ತನ್ನ ಕರೆಂಟು ಯಾಕೆ ಸುಡ್ತಾನೆ? ಊರಿನವರ ಕಂಪ್ಯೂಟರಿಗೆ ಕದ್ದು ನುಗ್ಗಿ ದುಡಿಸ್ಕೋತಾನೆ. ನೀನು ಮನೆಗೆ ಹೋದಮೇಲೆ ಬೇರೆ ಯಾರೋ ಬಂದು ನಿನ್ನ ಮೋಟಾರಲ್ಲಿ ತನ್ನ ಗಿರಾಕಿಗಳ ಹಲ್ಲೆಲ್ಲಾ ಉಜ್ಕೊಂಡು ಹೋದ ಹಾಗೆ."

ಮೋಟಾರಿನ ಮಾತು ಬಂದಾಗ ಮೇಸ್ತ್ರಿಗೆ ನಾಟಿತು. ಅವನ ಮೋಟಾರನ್ನು ಹೆಂಡತಿಯ ಹೊರತು ಇನ್ನೊಬ್ಬರು ಮುಟ್ಟಿದರೆ ಅವನು ಮೂರು ದಿನ ಊಟ ಬಿಡುತ್ತಿದ್ದ.

"ಆದರೆ ಒಳಗೆ ಬಂದಿದ್ದು ಹೇಗೆ? ಆಂಟಿವೈರಸ್ ಅಂತ ಕಾವಲುಗಾರ ಇದಾನಲ್ಲ?" ಎಂದಳು ಹೆಂಡತಿ.

"ಕಾವಲುಗಾರನನ್ನೇ ಕೇಳೋಣ." ನಾದಿನಿ ಒಂದೊಂದೇ ಗುಂಡಿ ಒತ್ತುತ್ತಾ ಹೋದಳು. "ಇದನ್ನ ಮಾತ್ರ ತಪಾಸಣೆ ಮಾಡಬೇಡ ಅಂತ ಆಂಟಿವೈರಸ್ಸಲ್ಲಿ ಒಂದು ಪಟ್ಟಿ ಇರುತ್ತೆ. ನಮ್ಮ ಆಸ್ಪತ್ರೇಲಿ ಆ ಪಟ್ಟಿ ಯಾವಾಗಲೂ ಖಾಲಿ. ನಿಮ್ಮದರಲ್ಲಿ ನೋಡಿ, ಒಂದು ಹೆಸರಿದೆ." ಅವಳು ಕಣ್ಣು ಕಿರಿದು ಮಾಡಿ ಓದಿದಳು. "'ಚಿತ್ರತಾರೆಯರ ನಗು, ಐನೂರು ಹಲ್ಲಿನ ಅಚ್ಚು, ಪೂರ್ತಿ ಉಚಿತ.' ಹೋದ ತಿಂಗಳು ಹನ್ನೊಂದನೇ ತಾರೀಕು ಹಾಕಿರೋದು. ಇಂಥವು ಎಷ್ಟೋ ದಿನ ಸುಮ್ಮನೆ ಮಲಗಿದ್ದು ಆಮೇಲೆ ಏಳ್ತಾವೆ."

"ಹನ್ನೊಂದನೇ ತಾರೀಕು ನಾನು ಊರಲ್ಲೇ ಇರಲಿಲ್ಲ" ಎಂದಿತು ಮೂಲೆಯಿಂದ ಒಂದು ಧ್ವನಿ. "ಗೆಳತಿ ಮದುವೆಗೆ ಹೋಗಿದ್ದೆ. ಮೂರು ದಿನ."

 ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಆ ದಿನ ಕಂಪ್ಯೂಟರಿನ ಮುಂದೆ ಕೂತಿದ್ದು ಯಾರೆಂದು ಅವಳಿಗೆ ನೆನಪಿತ್ತು. ಕೂತವನು ಬಾಗಿಲು ಬೇರೆ ಹಾಕಿಕೊಂಡಿದ್ದ.

ಮೇಸ್ತ್ರಿ ಚಾವಣಿ ನೋಡಿದ. ನೆಲ ನೋಡಿದ. ಟೀಚರಮ್ಮನ ದವಡೆಯ ಅಚ್ಚನ್ನು ಎತ್ತಿ, ಅಲ್ಲೇನಾದರೂ ಉತ್ತರ ಸಿಗಬಹುದೇನೋ ಎಂದು ತಿರುಗಿಸಿ ನೋಡಿದ.

"ರೀ."

"ಅದು... ಹಲ್ಲಿನವರ ಫೋನ್ ಗುಂಪಲ್ಲಿ ಯಾರೋ ಕಳಿಸಿದ್ರು. ಬರೀ ಹಲ್ಲಿನ ಅಚ್ಚು ಕಣೇ. ನಾನೇನು ಕೆಟ್ಟದ್ದು ನೋಡೋಕೆ ಹೋಗಿದ್ನಾ?"

"ಇದು ಆ ಪಟ್ಟಿಗೆ ತೂರಿಕೊಳ್ಳೋ ಹಾಗೆ ಕಾವಲುಗಾರನನ್ನ ಯಾರು ಮಲಗಿಸಿದ್ದು ಅಣ್ಣ?" ನಾದಿನಿ ಕೇಳಿದಳು.

"ಹಾಕೋ ಮೊದಲು ಆಂಟಿವೈರಸ್ ಆರಿಸಿ, ಇಲ್ಲದಿದ್ರೆ ಅದು ತಪ್ಪು ತಿಳ್ಕೊಂಡು ಅಡ್ಡ ಬರುತ್ತೆ ಅಂತ ಅದರಲ್ಲೇ ಬರೆದಿತ್ತು. ಇಷ್ಟು ಬಿಡಿಸಿ ಹೇಳಿದಾರಲ್ಲ, ಒಳ್ಳೇ ಜನ ಅಂದ್ಕೊಂಡೆ." ಅವನ ಧ್ವನಿ ಕುಗ್ಗುತ್ತಾ ಕುಗ್ಗುತ್ತಾ ಇರುವೆಯ ಧ್ವನಿಯಾಯಿತು. "ಆರಿಸಿದೆ."

ಹೆಂಡತಿ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತಳು. "ಕಳ್ಳ ಬಂದು ನಾಯಿ ಕಟ್ಟಿಹಾಕಿ ಸ್ವಾಮಿ ಅಂದ, ನೀವು ಕಟ್ಟಿಹಾಕಿ ಕೈ ಹಿಡಿದು ಒಳಗೆ ಕರ್ಕೊಂಡ್ರಿ! ಮೂರು ದಿನದಿಂದ ಆ ಮಗೂನ ಮೂಲೇಲಿ ಕೂರಿಸಿದೀರಲ್ಲ, ನಿಮ್ಮ ನಾಲಿಗೆ ಬಿದ್ದುಹೋಗಿತ್ತಾ?"

"ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ನನಗೆ ಹೇಗೆ ಗೊತ್ತಾಗಬೇಕು?"

"ಅಚ್ಚು ಯಾಕೆ ಬೇಕಿತ್ತಪ್ಪ ನಿಂಗೆ?" ಮಗಳು ಎದ್ದು ಬಂದಿದ್ದಳು. ಕೈಯೆಲ್ಲ ಪ್ಲಾಸ್ಟರು. "ನಾನು ಬರಿತೀನಲ್ಲ?"

ಮೇಸ್ತ್ರಿ ಕೈಯಲ್ಲಿದ್ದ ದವಡೆಯ ಅಚ್ಚನ್ನು ಮೇಜಿನ ಮೇಲಿಟ್ಟ. "ನೀನು ಬರೆದ ಹಲ್ಲು ನಾನು ಬರೆದ ಹಲ್ಲಿಗಿಂತ ಚೆನ್ನಾಗಿರ್ತಾವೆ" ಎಂದ ಕೊನೆಗೆ. "ಡಾಕ್ಟರು ಫೋನ್ ಮಾಡಿ, ಮೇಸ್ತ್ರಿ, ನಿಮ್ಮ ಮಗಳ ಕೈಯಲ್ಲೇ ಮಾಡಿಸಿ ಅಂದ್ರು. ಇಪ್ಪತ್ತೆಂಟು ವರ್ಷದ ಮೇಸ್ತ್ರಿ ನಾನು. ಐನೂರು ಅಚ್ಚು ಇದ್ರೆ ನಾನೂ ಒಂದು ಕೈ ತೋರಿಸಬಹುದು ಅಂತ..."

 ತಾಯಿಯ ಕೋಪ ಅರ್ಧಕ್ಕೆ ನಿಂತಿತು. ಏಳು ಸಲ ಬಂದು "ಹೂಂ" ಎಂದು ಹೋದದ್ದು ಇದಕ್ಕೋ!

"ಸರಿ, ಅಳೋರು ಅಳೋದು ನಾಳೆಗೆ ಇಟ್ಕೊಳ್ಳಿ, ಶನಿವಾರ ಟೀಚರ್ ಹಲ್ಲು ಕೊಡಬೇಕು" ಎಂದು ನಾದಿನಿ ತೋಳು ಮಡಿಸಿದಳು.

"ಆ ನಗುವಿನ ಕಟ್ಟು ಅಳಿಸಿಬಿಟ್ರೆ ಆಯ್ತಲ್ಲ?" ಎಂದ ಮೇಸ್ತ್ರಿ.

"ಕಳ್ಳನನ್ನ ಹೊರಗೆ ಹಾಕಿದ್ರೆ ಸಾಕಾ? ಅವನು ಬೀಗದ ಕೈಗೆ ನಕಲು ಮಾಡಿಸಿಟ್ಟಿದ್ರೆ? ಹಿತ್ತಿಲ ಬಾಗಿಲ ಚಿಲಕ ಸಡಿಲ ಮಾಡಿದ್ರೆ? ಒಂದು ಸಲ ಒಳಗೆ ಬಂದವನು ಕಂಪ್ಯೂಟರ್ ಚಾಲೂ ಆದ ಕೂಡಲೇ ತಾನೂ ಎದ್ದೇಳೋ ಹಾಗೆ ಹತ್ತು ಕಡೆ ಹೇಳಿಟ್ಟಿರ್ತಾನೆ. ಮೊದಲು ನೆಟ್ ವೈರ್ ಕಿತ್ತೇ ಇರಲಿ. ಬಾಯಿ ಅಳತೆ, ನೀವು ಬರೆದ ಹಲ್ಲು, ಇಷ್ಟು ಮಾತ್ರ ಬೇರೆ ಕಡೆ ಇಳಿಸ್ಕೊಳ್ಳೋಣ. ಪ್ರೋಗ್ರಾಂ ಒಂದೂ ಬೇಡ. ಆಮೇಲೆ ಪೂರ್ತಿ ಒರೆಸಿ, ಫಾರ್ಮ್ಯಾಟ್ ಮಾಡಿ, ಎಲ್ಲಾ ಹೊಸದಾಗಿ ಹಾಕೋಣ. ಹಲ್ಲು ಬರಿಯೋ ಪ್ರೋಗ್ರಾಂ ಅದನ್ನ ಮಾಡಿದ ಕಂಪನಿ ಜಾಗದಿಂದಲೇ ತರೋಣ. ಕಾವಲುಗಾರನಿಗೆ ಮೊದಲೇ ಬಡಿಗೆ ಕೊಟ್ಟು ನಿಲ್ಲಿಸಿ, ಇಳಿಸ್ಕೊಂಡಿದ್ದನ್ನೂ ಒಂದೊಂದಾಗಿ ತಪಾಸಣೆ ಮಾಡಿಸಿ ಒಳಗೆ ಬಿಡೋಣ."

"ಇಷ್ಟೆಲ್ಲಾ ಬೇಕಾ?"

"ಇನ್ನೂ ಇದೆ. ಈ ಕಂಪ್ಯೂಟರಲ್ಲಿ ಒತ್ತಿದ ಪಾಸ್‌ವರ್ಡೆಲ್ಲಾ ಅವನು ಓದಿರಬಹುದು. ಬ್ಯಾಂಕಿಂದು, ಇಮೇಲ್‌ದು, ಡಾಕ್ಟರ ಹತ್ರ ಅಳತೆ ತರಿಸ್ಕೊಳ್ಳೋದು, ಎಲ್ಲಾ ಬದಲಾಯಿಸಬೇಕು. ಇದರಲ್ಲಿ ಕೂತು ಅಲ್ಲ, ಅತ್ತಿಗೆ ಫೋನಲ್ಲಿ ಕೂತು."

ಮೇಸ್ತ್ರಿ ಹೆಂಡತಿಯ ಫೋನು ತಂದು ತಂಗಿಯ ಕೈಗಿಟ್ಟ. ಅಂದು ಸಂಜೆಯವರೆಗೂ, ಮರುದಿನ ಬೆಳಿಗ್ಗೆಯೂ ನಾದಿನಿ ಮತ್ತು ಮಗಳು ಡಬ್ಬದ ಮುಂದೆ ಕೂತರು. ಗುರುವಾರ ಮಧ್ಯಾಹ್ನ ಹೊಸದಾಗಿ ಚಾಲೂ ಮಾಡಿದಾಗ ಅದು ಹುಟ್ಟಿದ ಮಗುವಿನಷ್ಟು ಮೆತ್ತಗೆ ಉಸಿರಾಡಿತು. ಕಿಟಕಿ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಹೆಂಡತಿ ಒಂದು ಗಂಟೆ ಪಕ್ಕದಲ್ಲೇ ಕಿವಿಯಿಟ್ಟು ಕೂತಳು. ಹೆಜ್ಜೇನು ಏಳಲಿಲ್ಲ.

"ಕೂತ್ಕೋ" ಎಂದ ಅಪ್ಪ ಮಗಳಿಗೆ, ಕುರ್ಚಿ ಎಳೆದು. ತನ್ನ ಅಂಗಿಯಿಂದಲೇ ಅದರ ಧೂಳು ಒರೆಸಿದ. ಮಗಳು ಕೂತಳು. ಟೀಚರಮ್ಮನ ದವಡೆ ಪರದೆಯ ಮೇಲೆ ಬುಗುರಿಯ ಹಾಗೆ ತಿರುಗಿತು. ಅವಳು ಮೊದಲು ಬರೆದಿಟ್ಟಿದ್ದ ಹಲ್ಲು ಹಾಗೇ ಉಳಿದಿತ್ತು. ಅದನ್ನು ನೋಡಿಕೊಂಡು ಅಪ್ಪ ತಾನೇ ಹೊಸ ಮೇಣ ಕಾಸಿ ಒಂದೊಂದೇ ಹಲ್ಲು ಕೂರಿಸಿದ. "ಈ ಕೋರೆಹಲ್ಲು ಇಷ್ಟು ಒಳಗೆ ಯಾಕಿಟ್ಟೆ?" ಎಂದು ಕೇಳಿದ. ಮಗಳು ಹೇಳಿದಳು. ಮೇಸ್ತ್ರಿ "ಹೂಂ" ಎನ್ನಲಿಲ್ಲ, "ಚೆನ್ನಾಗಿದೆ" ಎಂದ. ಅಮ್ಮನಿಗೆ ಮೋಟಾರು ಆರಿಸಿ ಇನ್ನೊಂದು ಸಲ ಕೇಳಬೇಕೆನಿಸಿತು.

ಶುಕ್ರವಾರ ಬಾಯಿಗೆ ಒಪ್ಪಿತು. ಶನಿವಾರ ಗಟ್ಟಿ ಸೆಟ್ಟು ಕೈಸೇರಿತು. ಟೀಚರಮ್ಮ ಅಂಗಡಿಯ ಕನ್ನಡಿಯ ಮುಂದೆ ನಿಂತು, ಕರವಸ್ತ್ರ ಕೆಳಗಿಟ್ಟು, ಮಗ್ಗಿ ಹೇಳಿಸುವ ಧ್ವನಿಯಲ್ಲಿ "ಎಲ್ಲರೂ ಸುಮ್ಮನಿರಿ!" ಎಂದರು. ಬೀದಿಯಲ್ಲಿ ಹೋಗುತ್ತಿದ್ದ ಮೂವರು ನಡುವಯಸ್ಸಿನ ಗಂಡಸರು ತಟ್ಟನೆ ನಿಂತು ಕೈಕಟ್ಟಿಕೊಂಡರು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಇಲ್ಲ. ಟೀಚರಮ್ಮನ ಹಲ್ಲು ನೋಡಲು ಬಂದು ಆಸ್ಪತ್ರೆಗೆ ಹೊರಟಿದ್ದ ನಾದಿನಿ ಬಾಗಿಲಲ್ಲಿ ತಿರುಗಿ ಕೇಳಿದಳು. "ಅಣ್ಣ, ಆ ನಗುವಿನ ಕಟ್ಟು ನೀನು ಬೇರೆ ಯಾರಿಗಾದ್ರೂ ಕೊಟ್ಟಿದೀಯಾ?"

ಮೇಸ್ತ್ರಿಯ ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು.

ಹಲ್ಲಿನವರಲ್ಲಿ ಒಂದು ರೂಢಿಯಿದೆ. ಒಬ್ಬರ ಹತ್ತಿರ ಯಾವುದೋ ಬಣ್ಣದ ಹಲ್ಲು ಮುಗಿದು, ಇನ್ನೊಬ್ಬರ ಹತ್ತಿರ ಇದ್ದರೆ ಖಾಲಿ ಪ್ಲಾಸ್ಟರ್ ಡಬ್ಬಿಯಲ್ಲಿ ಹಾಕಿ ಕಳಿಸುವುದು. ಆ ಡಬ್ಬಿ ಊರಿಂದೂರಿಗೆ ಸುತ್ತುತ್ತಲೇ ಇರುತ್ತದೆ. ಹೋದ ತಿಂಗಳು ಮೇಸ್ತ್ರಿ ಅದರೊಳಗೆ ಒಂದು ಪೆನ್ ಡ್ರೈವ್ ಇಟ್ಟು, "ನನ್ನ ಕಡೆಯಿಂದ ಎಲ್ಲರಿಗೂ ಉಡುಗೊರೆ" ಎಂದು ಚೀಟಿ ಬರೆದಿದ್ದ. ಜೊತೆಗೆ, "ಮೊದಲು ಆಂಟಿವೈರಸ್ ಆರಿಸಿ, ಮರೀಬೇಡಿ" ಎಂದು ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ. ಡಬ್ಬಿ ಐದು ಅಂಗಡಿ ದಾಟಿತ್ತು.

"ಫೋನ್ ಮಾಡಿ" ಎಂದಳು ಹೆಂಡತಿ.

"ಏನಂತ ಮಾಡ್ಲಿ? ನಾನೊಬ್ಬ ಪೆದ್ದ ಅಂತ ಹೇಳ್ಲಾ? ಮುಂದಿನ ಸಭೇಲಿ ನನ್ನ ಮುಖ ನೋಡಿ ನಗ್ತಾರೆ."

"ನಗಲಿ ಬಿಡಿ, ಅವರ ಹಲ್ಲಾದ್ರೂ ಕಾಣುತ್ತೆ. ಅಲ್ಲೂ ಯಾವುದಾದ್ರೂ ಮನೇಲಿ ಯಾರೋ ಮೂಲೇಲಿ ಕೂತು ಪ್ಲಾಸ್ಟರ್ ಕಲಸ್ತಿರ್ತಾರೆ. ಅದು ಯೋಚನೆ ಮಾಡಿ."

ಮೇಸ್ತ್ರಿ ಮಗಳ ಕೈ ನೋಡಿದ. ಉಗುರಿನ ಸಂದಿಯಲ್ಲಿ ಪ್ಲಾಸ್ಟರು ಇನ್ನೂ ಪೂರ್ತಿ ಹೋಗಿರಲಿಲ್ಲ. ಫೋನೆತ್ತಿದ. ಬೆವರು ಕೊಡಗಟ್ಟಲೆ ಇಳಿಯಿತು.

"ಹಲೋ, ಅಣ್ಣಾ... ನಾನು. ನಾನು ಕಳಿಸಿದ ಆ ಐನೂರು ಅಚ್ಚು ಇದೆಯಲ್ಲ. ಅದರೊಳಗೆ ಕಳ್ಳ ಪ್ರೋಗ್ರಾಂ ಇದೆ. ನಾನೇ ಕಳಿಸಿದ್ದು. ತಪ್ಪು ನಂದೇ. ಮೊದಲು ನೆಟ್ ವೈರ್ ಕೀಳಿ. ಆ ಪೆನ್ ಡ್ರೈವ್ ಬೇರೆ ಯಾವುದಕ್ಕೂ ಸಿಕ್ಕಿಸಬೇಡಿ."

  ಆ ಕಡೆಯಿಂದ ಒಂದು ಮುದಿ ಧ್ವನಿ ಒಡೆದು ಬಂತು.

"ಅಯ್ಯೋ ನಿನ್ನ ಮನೆ ತಣ್ಣಗಿರ... ಅದಕ್ಕಾ ಅದು ಹಗಲೂ ರಾತ್ರಿ ಬುಸುಗುಡ್ತಿರೋದು? ನಾನು ನನ್ನ ಅಳಿಯನ್ನ ಬೈದು ಅಂಗಡಿಯಿಂದ ಆಚೆ ಹಾಕಿ ಹದಿನೈದು ದಿನ ಆಯ್ತಲ್ಲೋ! ಫೋನಿಡು, ಫೋನಿಡು! ಮೊದಲು ಅವನನ್ನ ಕರೀಬೇಕು!"

ಹಲ್ಲುಮೇಸ್ತ್ರಿ ಫೋನಿಟ್ಟು, ಮುಖ ಒರೆಸಿಕೊಂಡು, ಎರಡನೆಯ ನಂಬರು ಒತ್ತಿದ.

ಅಕ್ಕಂದಿರೇ, ಅಣ್ಣಂದಿರೇ, ಇದನ್ನು ಓದುತ್ತಿರುವವರೇ, ಓದಿಸಿಕೊಂಡು ಕೇಳುತ್ತಿರುವವರೇ! ನಿಮ್ಮ ಮನೆಯಲ್ಲೋ ಅಂಗಡಿಯಲ್ಲೋ ಕಂಪ್ಯೂಟರು ಕೆಲಸವಿಲ್ಲದಿದ್ದರೂ ಮೊರೆಯುತ್ತಿದ್ದರೆ, ಕಾಯುತ್ತಿದ್ದರೆ, ಮೊದಲು ಧೂಳು ತೆಗೆಯಿರಿ, ಆಟ ಗೀಟ ಎಲ್ಲಾ ಮುಚ್ಚಿರಿ. ಆಮೇಲೂ ಸುಮ್ಮನಾಗದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಕಣ್ಣನ್ನಷ್ಟೇ ನಂಬಬೇಡಿ, ಕಿವಿಯನ್ನೂ ಇಟ್ಟು ಕೇಳಿ. ತೆರೆ, ಮುಚ್ಚು, ತೆರೆ. ನೀವು ನೋಡುವಾಗ ಮಾತ್ರ ಅದು ಸಾಧುವಾದರೆ, ನೆಟ್ ವೈರು ಕಿತ್ತಾಗ ತಣ್ಣಗಾದರೆ, ತಡಮಾಡದೆ ತಿಳಿದವರನ್ನು ಕರೆಯಿರಿ. ಉಚಿತವೆಂದು ಕೊಟ್ಟದ್ದೆಲ್ಲ ಕೆಟ್ಟದ್ದಲ್ಲ. ಮಾಡಿದವರ ಸ್ವಂತ ಜಾಗದಿಂದಲೇ ತನ್ನಿ. ಆದರೆ "ಮೊದಲು ಕಾವಲುಗಾರನನ್ನು ಆರಿಸಿ" ಎಂದು ಯಾರು ಹೇಳಿದರೂ, ಅವರು ಎಷ್ಟೇ ನಯವಾಗಿ ಹೇಳಿದರೂ, ಅಲ್ಲೇ ಕೈ ಮುಗಿದು ಎದ್ದುಬಿಡಿ.

ನೀವು ಈಗಾಗಲೇ ಆರಿಸಿದ್ದೀರಾ? ಅದನ್ನು ಗೆಳೆಯರಿಗೂ ಹಂಚಿದ್ದೀರಾ? ನಾಚಿಕೆಯಾಗುತ್ತದೆ, ನನಗೆ ಗೊತ್ತು. ಆದರೂ ಇವತ್ತೇ ಫೋನ್ ಮಾಡಿ ಹೇಳಿ. ನಿಮ್ಮಿಂದಾಗಿ ಯಾವ ಮನೆಯಲ್ಲಿ ಯಾರು ಸುಮ್ಮಸುಮ್ಮನೆ ಬೈಸಿಕೊಳ್ಳುತ್ತಿದ್ದಾರೋ!